ಶೇಕಡಾ ಎರಡರೊಳಗಿನವರು

ಪ್ರತಿವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ. ಆಡಳಿತ ಮಂಡಳಿ, ಪ್ರಾಂಶುಪಾಲರು, ಬೋಧಕ ಮತ್ತು ಬೋಧಕೇತರ ಸಿಬ್ಬಂದಿ ಅಭಿನಂದಿಸಿದ್ದಾರೆ. ಎರಡು ದಿನದಲ್ಲಿ ಕಾಲೇಜಿನ ಗೇಟಿನ ಪಕ್ಕ ಫ್ಲೆಕ್ಸ್ ಏಳುತ್ತದೆ. ಅದರಲ್ಲಿ ಶಾಲು, ಹಾರ, ಮೈಸೂರು ಪೇಟ, ದಪ್ಪಕ್ಷರದಲ್ಲಿ ಸ್ಟ್ಯಾನ್‌ಫರ್ಡ್ ಎಂಬ ಹೆಸರು. ಸುದ್ದಿಯನ್ನು ಮೇಲಿನಿಂದ ಕೆಳಗೆ ಎಷ್ಟು ಸಲ ಓದಿದರೂ ಒಂದು ಸಂಗತಿ ಮಾತ್ರ ಸಿಗುವುದಿಲ್ಲ. ಆ ಪ್ರಾಧ್ಯಾಪಕರು ಕಂಡುಹಿಡಿದದ್ದಾದರೂ ಏನು?

ಸನ್ಮಾನ ಮಾಡಲಿ, ಯಾರಿಗೆ ಬೇಡ? ಆದರೆ ಆ ಪ್ರಶ್ನೆ ಕೇಳಬೇಕೆಂದೇ ಯಾರಿಗೂ ಅನ್ನಿಸದಿರುವುದು ಈ ಲೇಖಕನ ಕಿರಿಕಿರಿ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಯ ಮಿದುಳಿನ ತೆಳುಪದರಗಳ ಮುಂದೆ ರಾತ್ರಿಗಟ್ಟಲೆ ಕೂತು, ಒಂದು ನರಕೋಶದ ಮಿಡಿತ ಸರಿಯಾಗಿ ದಾಖಲಾದರೆ ಸಾಕಪ್ಪಾ ಎಂದುಕೊಂಡ ಕಾಲ ಆತನಿಗೂ ಇತ್ತು. ಆಗ ಕ್ಯಾಂಟೀನಿನಲ್ಲಿ ಎದುರಾದವರು ಕೇಳುತ್ತಿದ್ದದ್ದು ‘ಏನು ಸಿಕ್ತು?’ ಎಂದು. ಆಮೇಲಾಮೇಲೆ ‘ಎಲ್ಲಿ ಕಳಿಸ್ತಿದ್ದೀಯ?’ ಎಂದು ಕೇಳತೊಡಗಿದರು. ಈಗಿನ ಹುಡುಗರು ಒಬ್ಬರನ್ನೊಬ್ಬರು ಕೇಳುವುದು ‘ನಿನ್ನ ಎಚ್-ಇಂಡೆಕ್ಸ್ ಎಷ್ಟಾಯ್ತು?’

ಪಟ್ಟಿಯ ಜನ್ಮವೃತ್ತಾಂತ ದೊಡ್ಡದೇನಲ್ಲ. ಸ್ಟ್ಯಾನ್‌ಫರ್ಡ್‌ನ ಜಾನ್ ಇಯಾನಿಡಿಸ್ ಮತ್ತು ಸಂಗಡಿಗರು ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯ ಸ್ಕೋಪಸ್ ಎಂಬ ದತ್ತಕೋಶದಿಂದ ಒಬ್ಬೊಬ್ಬ ವಿಜ್ಞಾನಿಯ ಪ್ರಬಂಧಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸುತ್ತಾರೆ. ಆರು ಅಳತೆಗಳನ್ನು ಬೆರೆಸಿ ಒಂದು ಅಂಕ ಕೊಡುತ್ತಾರೆ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದೇ ವರ್ಷದ ಲೆಕ್ಕಕ್ಕೆ ಇನ್ನೊಂದು. ಯಾವುದರಲ್ಲಿ ಹೆಸರು ಬಂದಿದೆ ಎಂದು ಫ್ಲೆಕ್ಸ್ ಹೇಳುವುದಿಲ್ಲ. 2019ರಲ್ಲಿ ಶುರುವಾದ ಈ ಪಟ್ಟಿಯ ಕರ್ತೃವೇ 2005ರಲ್ಲಿ, ಪ್ರಕಟವಾಗುವ ಸಂಶೋಧನಾ ಫಲಿತಾಂಶಗಳಲ್ಲಿ ಬಹುಪಾಲು ಯಾಕೆ ಸುಳ್ಳು ಎಂದು ವಾದಿಸುವ ಪ್ರಬಂಧ ಬರೆದು ಹೆಸರಾದವರು. ಅದಕ್ಕೂ ಸಾವಿರಾರು ಉಲ್ಲೇಖಗಳಿವೆ.

ಇದನ್ನೆಲ್ಲ ಬಯ್ಯಲು ಸಿದ್ಧಪಡಿಸಿದ ಶಾಸ್ತ್ರಗಳು ಬೇಕಾದಷ್ಟಿವೆ. ಅಳತೆಯೇ ಗುರಿಯಾದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಗುಡ್‌ಹಾರ್ಟ್ ಹೆಸರಿನ ನಿಯಮವಿದೆ. ಎಣಿಕೆ ಎಂದರೆ ಅಧಿಕಾರದ ಕಣ್ಣು ಎನ್ನುವ ಫ್ರೆಂಚ್ ಚಿಂತನೆಯಿದೆ. ಸಂಶೋಧನೆಯನ್ನು ಬರೀ ಸಂಖ್ಯೆಗಳಿಂದ ಅಳೆಯಬೇಡಿ ಎನ್ನುವ 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, 2015ರ ಲೈಡನ್ ಪ್ರಣಾಳಿಕೆ ಇವೆ. ಫಲದ ಆಸೆ ಬಿಟ್ಟು ದುಡಿಯಿರಿ ಎಂಬ ನಮ್ಮ ಕಡೆಯ ಉಪದೇಶವೂ ಇದೆ. ಅದನ್ನು ಹೇಳುವವರು ಸಾಮಾನ್ಯವಾಗಿ ಬಡ್ತಿ ಪಡೆದು ಮುಗಿಸಿದವರು. ಇವಕ್ಕೆಲ್ಲ ಕೈಮುಗಿದು ಮುಂದೆ ಹೋಗಬಹುದು. ಹಿಡಿದು ಜಗ್ಗಾಡಬೇಕಾದ ಎದುರಾಳಿ ಒಬ್ಬನೇ, ಹೋರ್ಹೆ ಹಿರ್ಶ್.

ಹಿರ್ಶ್ ಅರ್ಜೆಂಟೀನಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯಲ್ಲಿ ನೆಲೆಯಾದ ಭೌತವಿಜ್ಞಾನಿ. 2005ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆತ ನಾಲ್ಕೇ ಪುಟದ ಬರಹ ಪ್ರಕಟಿಸಿದ. ಒಬ್ಬ ವಿಜ್ಞಾನಿಯ ಪ್ರಬಂಧಗಳ ಪೈಕಿ ತಲಾ ಕನಿಷ್ಠ 20 ಉಲ್ಲೇಖ ಪಡೆದವು 20 ಇದ್ದು, ತಲಾ 21 ಪಡೆದವು 21 ಇಲ್ಲವಾದರೆ ಆತನ ಎಚ್-ಇಂಡೆಕ್ಸ್ 20. ಅಷ್ಟೇ. ಅದರ ಹಿಂದಿನ ತರ್ಕ ತಳ್ಳಿಹಾಕುವಂಥದ್ದಲ್ಲ. ನೊಬೆಲ್ ಬಂದವರ ಯೋಗ್ಯತೆಯನ್ನು ಯಾರೂ ಅಳೆಯಬೇಕಿಲ್ಲ, ಉಳಿದ ನಮ್ಮಂಥವರದ್ದನ್ನು ಹೇಗೆ ಅಳೆಯುವುದು ಎಂದು ಆತ ಕೇಳಿದ. ಪ್ರಬಂಧಗಳ ಸಂಖ್ಯೆ ಎಣಿಸಿದರೆ ಜೊಳ್ಳು ಬರೆಯುವವನು ಗೆಲ್ಲುತ್ತಾನೆ. ಒಟ್ಟು ಉಲ್ಲೇಖ ಎಣಿಸಿದರೆ, ದೊಡ್ಡ ಗುಂಪಿನಲ್ಲಿ ಹೆಸರು ಸೇರಿಸಿಕೊಂಡು ಒಂದೇ ಪ್ರಸಿದ್ಧ ಪ್ರಬಂಧದಲ್ಲಿ ಪಾಲು ಪಡೆದವನು ಗೆಲ್ಲುತ್ತಾನೆ. ಎಚ್ ಇಬ್ಬರಿಗೂ ಕಡಿವಾಣ. ಒಂದು ಸಂಖ್ಯೆ ಮನುಷ್ಯನ ಬಹುಮುಖಿ ಸಾಧನೆಯನ್ನು ಪೂರ್ತಿ ಹೇಳಲಾರದು ಎಂಬ ಎಚ್ಚರಿಕೆಯನ್ನೂ ಆತ ಬರೆದಿದ್ದ. ಆದರೆ ಅದೇ ಬರಹದಲ್ಲಿ ಭೌತಶಾಸ್ತ್ರದಲ್ಲಿ ಖಾಯಂ ಹುದ್ದೆಗೆ ಸುಮಾರು 12, ಪೂರ್ಣ ಪ್ರಾಧ್ಯಾಪಕನಾಗಲು ಸುಮಾರು 18 ಇರಬಹುದು ಎಂದೂ ಸೂಚಿಸಿದ್ದ. ಎಚ್ಚರಿಕೆಯನ್ನು ಜನ ಮರೆತರು, 12 ಮತ್ತು 18 ಮಾತ್ರ ನೆನಪಿನಲ್ಲಿ ಉಳಿದವು. ಯಾವ ಕಚೇರಿಯಲ್ಲಿ ಹಾಗಾಗುವುದಿಲ್ಲ?

ಆ ಬರಹದಲ್ಲಿ ಜೀವವಿಜ್ಞಾನಿಗಳ ಸಣ್ಣ ಪಟ್ಟಿಯೊಂದಿದೆ. ಅದರ ತುದಿಯಲ್ಲಿರುವವರು ಒಬ್ಬ ನರವಿಜ್ಞಾನಿ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನ ಸಾಲೊಮನ್ ಸ್ನೈಡರ್, ಎಚ್ 191. ಭೌತವಿಜ್ಞಾನಿಗಳ ಪೈಕಿ ಅಗ್ರನಾದ ಎಡ್ವರ್ಡ್ ವಿಟನ್‌ಗೆ ಆಗ ಇದ್ದದ್ದು 110. ಆ 191ರ ಒಳಗೆ ಏನೇನಿದೆ ಎಂದು ಬಿಚ್ಚಿ ನೋಡಿದರೆ ಹಿರ್ಶ್‌ನ ವಾದದ ಬಲ, ದೌರ್ಬಲ್ಯ ಎರಡೂ ಸಿಗುತ್ತವೆ.

ಸ್ನೈಡರ್ ಪ್ರಯೋಗಾಲಯದ ಅತಿ ಪ್ರಸಿದ್ಧ ಪ್ರಬಂಧ 1973ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಫೀಮು, ಮಾರ್ಫಿನ್‌ಗಳು ಮಿದುಳಿನಲ್ಲಿ ಹೋಗಿ ಕೂರುವ ಗ್ರಾಹಕವನ್ನು ಅದು ತೋರಿಸಿಕೊಟ್ಟಿತು. ನ್ಯಾಲೊಕ್ಸೋನ್ ಎಂಬ ಔಷಧಿಗೆ ವಿಕಿರಣಶೀಲ ಹೈಡ್ರೋಜನ್ನಿನ ಗುರುತು ಹಚ್ಚಿ, ಅರೆದ ಮಿದುಳಿನ ಅಂಗಾಂಶದ ಜೊತೆ ಕಲೆಸಿ, ಸೋಸಿ, ಎಷ್ಟು ಅಂಟಿಕೊಂಡಿತು ಎಂದು ಅಳೆಯುವ ವಿಧಾನ ಅದು. ಆ ವಿಧಾನ ಬೇರೆ ಬೇರೆ ನರವಾಹಕಗಳ ಗ್ರಾಹಕಗಳನ್ನು ಹುಡುಕಲೂ ದಾರಿಯಾಯಿತು. ಮನೋರೋಗದ ಔಷಧಿಗಳು ಕೆಲಸ ಮಾಡುವ ಬಗೆ ಅರ್ಥವಾಗಲು ಅದರ ಪಾಲು ದೊಡ್ಡದು. ಆದ್ದರಿಂದ ಸ್ನೈಡರ್‌ರ ಸಂಖ್ಯೆ ಪೊಳ್ಳು ಎನ್ನಲು ಯಾರಿಗೂ ಬಾಯಿ ಬರಲಾರದು.

ಆದರೆ ಆ ಪ್ರಬಂಧದ ಮೊದಲ ಹೆಸರು ಕ್ಯಾಂಡೇಸ್ ಪರ್ಟ್, ಆಗಿನ್ನೂ ಪಿಎಚ್‌ಡಿ ವಿದ್ಯಾರ್ಥಿನಿ. ಗೈಡ್ ಈ ಪ್ರಯೋಗ ಬಿಟ್ಟುಬಿಡು ಎಂದ ಮೇಲೂ ತಾನು ಮುಂದುವರಿಸಿದ್ದೆ ಎಂಬುದು 1997ರ ಆತ್ಮಕಥನದಲ್ಲಿ ಆಕೆಯ ಹೇಳಿಕೆ. 1978ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂದಾಗ ಸ್ನೈಡರ್ ಜೊತೆ ಅದನ್ನು ಹಂಚಿಕೊಂಡವರು ಜಾನ್ ಹ್ಯೂಸ್ ಮತ್ತು ಅಬರ್ಡೀನ್‌ನ ಹ್ಯಾನ್ಸ್ ಕಾಸ್ಟರ್ಲಿಟ್ಜ್. ಪರ್ಟ್ ಹೆಸರಿರಲಿಲ್ಲ. ಆಕೆ ಪ್ರತಿಭಟಿಸಿ ಪತ್ರ ಬರೆದಳು, ದೊಡ್ಡ ಗದ್ದಲವಾಯಿತು. ಎಚ್-ಇಂಡೆಕ್ಸ್ ಈ ಗದ್ದಲದ ಒಂದು ಮಾತನ್ನೂ ಕೇಳಿಸಿಕೊಳ್ಳದು. ಅದರ ಲೆಕ್ಕದಲ್ಲಿ ಅದು ಇಬ್ಬರಿಗೂ ಒಂದೊಂದು ಪ್ರಬಂಧ. ಗುರುವಿನ ಖಾತೆಗೆ ಪ್ರತಿ ಶಿಷ್ಯರ ಕೆಲಸವೂ ಜಮೆಯಾಗುತ್ತ ಹೋಗುತ್ತದೆ; ಶಿಷ್ಯೆಗೆ ತನ್ನದಷ್ಟೇ. 191 ಒಬ್ಬ ಮನುಷ್ಯನ ಅಳತೆಯೋ, ಒಂದು ಕಟ್ಟಡದ ಅಳತೆಯೋ?

ಹಿರ್ಶ್‌ಗೆ ಈ ತೊಡಕು ಗೊತ್ತಿರಲಿಲ್ಲವೆಂದಲ್ಲ. 2019ರಲ್ಲಿ ಆತ ಇದಕ್ಕೊಂದು ಪರಿಹಾರವನ್ನೂ ಮುಂದಿಟ್ಟ. ಪ್ರಬಂಧದ ಶ್ರೇಯಸ್ಸನ್ನು ಅದರ ನಾಯಕನಿಗೆ ಮಾತ್ರ ಕೊಡೋಣ. ನಾಯಕ ಯಾರೆಂದರೆ, ಸಹಲೇಖಕರಲ್ಲಿ ಯಾರ ಎಚ್ ಎಲ್ಲರಿಗಿಂತ ದೊಡ್ಡದೋ ಅವರು. ಇದನ್ನು 1973ರ ಪ್ರಬಂಧಕ್ಕೆ ಅನ್ವಯಿಸಿದರೆ ಪರ್ಟ್‌ಗೆ ಉಳಿಯುವುದು ಸೊನ್ನೆ. ಲ್ಯಾಸ್ಕರ್ ಸಮಿತಿ ಕೋಣೆಯೊಳಗೆ ಕೂತು ಮಾಡಿದ್ದನ್ನು ಈ ಸೂತ್ರ ಬಟಾಬಯಲಲ್ಲಿ ಮಾಡುತ್ತದೆ. ಉಳ್ಳವನಿಗೇ ಇನ್ನಷ್ಟು ಸೇರುತ್ತದೆ ಎಂಬುದನ್ನು ದೋಷವೆಂದು ತಿದ್ದುವ ಬದಲು ಗಣಿತವೆಂದು ಒಪ್ಪಿಕೊಂಡ ಹಾಗಾಯಿತು.

ಇಲ್ಲಿಗೆ ವಾದ ಗೆದ್ದಂತೆ ಕಾಣುತ್ತದೆ. ಆದರೆ ಹಿರ್ಶ್‌ನ ಕಡೆಯವರು ಕೇಳಬಹುದಾದ ಒಂದು ಪ್ರಶ್ನೆ ಈ ಲೇಖಕನನ್ನು ಬಹಳ ದಿನ ಕಾಡಿದೆ. ಸಂಖ್ಯೆ ಬೇಡ, ಸರಿ. ಅದರ ಜಾಗದಲ್ಲಿ ಏನಿಡುತ್ತೀರಿ?

ಒಂದು ವಿಶ್ವವಿದ್ಯಾಲಯದ ಆಯ್ಕೆ ಸಮಿತಿಯಲ್ಲಿ ವಿಷಯತಜ್ಞನಾಗಿ ಕೂತಿದ್ದಾಗ ಏನಿಡುತ್ತಾರೆ ಎಂಬುದು ಈ ಲೇಖಕನಿಗೆ ಕಣ್ಣಾರೆ ಕಂಡಿತು. ಕೊನೆಗೆ ಉಳಿದವರು ಇಬ್ಬರು. ಒಬ್ಬ ಹೆಸರಾಂತ ವಿಜ್ಞಾನಿಯೊಬ್ಬರ ಶಿಷ್ಯ. ಮೂವರು ಘಟಾನುಘಟಿಗಳ ಶಿಫಾರಸು ಪತ್ರ, ಕಡೆದಿಟ್ಟಂಥ ಇಂಗ್ಲಿಷು. ಇನ್ನೊಬ್ಬಳು ಹಾವೇರಿ ಕಡೆಯ ಹುಡುಗಿ. ನಿದ್ರೆಗೂ ನೆನಪಿಗೂ ಇರುವ ನಂಟಿನ ಮೇಲೆ ಕೆಲಸ ಮಾಡಿದವಳು, ಮಾತಾಡುವಾಗ ತಡವರಿಸುತ್ತಿದ್ದಳು, ಗೈಡ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರು ಮೊದಲನೆಯವನ ಬಗ್ಗೆ ‘ನಮ್ಮ ಹುಡುಗ’ ಎಂದು ಆಗಲೇ ಒಂದೆರಡು ಬಾರಿ ಅಂದಾಗಿತ್ತು. ಅವಳ ಪ್ರಬಂಧ ಓದಿದ್ದೇನೆ, ಪ್ರಯೋಗದ ವಿನ್ಯಾಸ ಅಪರೂಪದ್ದು ಎಂದು ಈ ಲೇಖಕ ವಿವರಿಸಿದ. ಎಲ್ಲರೂ ಗೌರವದಿಂದ ಕೇಳಿಸಿಕೊಂಡು ಚಹಾ ಕುಡಿದರು. ಆಮೇಲೆ ಇನ್ನೊಬ್ಬ ಸದಸ್ಯರು ಫೋನಿನಲ್ಲಿ ಗೂಗಲ್ ಸ್ಕಾಲರ್ ತೆರೆದು ಇಬ್ಬರ ಸಂಖ್ಯೆಗಳನ್ನೂ ಗಟ್ಟಿಯಾಗಿ ಓದಿದರು. ಅವಳದು ಅವನಿಗಿಂತ ಬಹಳ ಮೇಲಿತ್ತು. ಕೋಣೆ ತಣ್ಣಗಾಯಿತು. ಅಧ್ಯಕ್ಷರಿಗೆ ಮರುಮಾತು ಹೊಳೆಯಲಿಲ್ಲ. ಕೆಲಸ ಅವಳಿಗಾಯಿತು.

ಹಳ್ಳಿಯ ಡೇರಿಯಲ್ಲಿ ಫ್ಯಾಟ್ ಅಳೆಯುವ ಯಂತ್ರ ಬರುವ ಮುಂಚೆ ಹಾಲಿನ ಗುಣ ನಿರ್ಧರಿಸುತ್ತಿದ್ದದ್ದು ಅಳೆಯುವವನ ಮರ್ಜಿ. ಯಂತ್ರ ಬಂದ ಮೇಲೆ ಅದನ್ನು ಯಾಮಾರಿಸುವ ಕಲೆಯೂ ಬಂತು ನಿಜ. ಆದರೆ ಒಂದೇ ಎಮ್ಮೆ ಕಟ್ಟಿಕೊಂಡ ವಿಧವೆಗೆ ಗೌಡರ ಮನೆಯವರಷ್ಟೇ ದರ ಸಿಕ್ಕಿದ್ದೂ ಆ ಯಂತ್ರದಿಂದಲೇ. ಜಾತಿ, ವಶೀಲಿ, ಊರಿನ ನಂಟು ಮತ್ತು ಇಂಗ್ಲಿಷಿನ ಠೀವಿಯಿಂದ ತುಂಬಿದ ನಮ್ಮ ಸಂದರ್ಶನದ ಕೋಣೆಗಳಲ್ಲಿ ಮುಖ ನೋಡದ ಸಂಖ್ಯೆಗೆ ಒಂದು ಮರ್ಯಾದೆ ಸಲ್ಲಬೇಕು. ಸಂಖ್ಯೆಯನ್ನು ಹೀಗಳೆಯುವ ಸುಖ, ಅದಿಲ್ಲದೆಯೂ ಯಾರಿಗೆ ಬಾಗಿಲು ತೆರೆಯುತ್ತದೋ ಅವರ ಸುಖ. ಇಷ್ಟನ್ನು ಹಿರ್ಶ್‌ಗೆ ಬಿಟ್ಟುಕೊಡಲೇಬೇಕು.

ಬಿಟ್ಟುಕೊಟ್ಟ ಮೇಲೂ, ಅದು ಎಣಿಸುವುದು ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ.

ವಿಜ್ಞಾನದ ಇತಿಹಾಸದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ ಐನ್‌ಸ್ಟೈನ್‌ದೂ ಅಲ್ಲ, ಡಿಎನ್‌ಎಯದೂ ಅಲ್ಲ. 1951ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲಿವರ್ ಲೌರಿ ಮತ್ತು ಸಂಗಡಿಗರು ಬರೆದದ್ದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ. 2014ರಲ್ಲಿ ‘ನೇಚರ್’ ಲೆಕ್ಕ ಹಾಕಿದಾಗ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಲೌರಿಯ ನಿಜವಾದ ಗೀಳು ನರರಸಾಯನಶಾಸ್ತ್ರ. ಒಂದೇ ಒಂದು ನರಕೋಶವನ್ನು ಬೇರ್ಪಡಿಸಿ ತೂಗಲು ಸ್ಫಟಿಕದ ಎಳೆಯ ತಕ್ಕಡಿ ಕಟ್ಟಿ, ಅದರೊಳಗಿನ ಕಿಣ್ವಗಳನ್ನು ಅಳೆದ ಮನುಷ್ಯ ಆತ. ಆ ಕೆಲಸದ ಹೆಸರು ಇಂದು ಕೆಲವರಿಗಷ್ಟೇ ಗೊತ್ತು. ಪ್ರೋಟೀನ್ ಪ್ರಬಂಧ ಮಹತ್ವದ್ದೇನಲ್ಲ ಎಂದು ಆತನೇ ಹೇಳಿಕೊಂಡಿದ್ದ, ಆದರೂ ಅದಕ್ಕೆ ಸಿಕ್ಕ ಪ್ರತಿಕ್ರಿಯೆ ಒಳಗೊಳಗೇ ಖುಷಿ ಕೊಡುತ್ತದೆ ಎಂದೂ ಒಪ್ಪಿಕೊಂಡಿದ್ದ. ನಮ್ಮ ಕಾಲದಲ್ಲಿ ಅತಿ ಹೆಚ್ಚು ಉಲ್ಲೇಖಿತರಾದ ನರವಿಜ್ಞಾನಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್. ಎಚ್ 200 ದಾಟಿದೆ. ಮುಕ್ತ ಶಕ್ತಿ ಎಂಬ ಹೆಸರಿನ ಅವರ ಸಿದ್ಧಾಂತ ಓದಿ ತಲೆಕೆರೆದುಕೊಳ್ಳುವವರ ಜೊತೆಗೆ, ಮಿದುಳಿನ ಸ್ಕ್ಯಾನ್‌ಗಳನ್ನು ವಿಶ್ಲೇಷಿಸಲು ಅವರು ರೂಪಿಸಿ ಉಚಿತವಾಗಿ ಹಂಚಿದ ಎಸ್‌ಪಿಎಂ ತಂತ್ರಾಂಶ ಬಳಸುವವರ ದಂಡೇ ಆ ಸಂಖ್ಯೆಯ ಹಿಂದೆ ಇದೆ.

ಇನ್ನೊಂದು ತುದಿಯಲ್ಲಿ, ನಿಜವೆಂದು ಪೂರ್ತಿ ಒಪ್ಪಿತವಾದದ್ದನ್ನು ಬಹುಪಾಲು ಜನ ಉಲ್ಲೇಖಿಸುವುದೇ ಇಲ್ಲ. ನರತಂತುವಿನಲ್ಲಿ ವಿದ್ಯುತ್ ಮಿಡಿತ ಹೇಗೆ ಹರಿಯುತ್ತದೆ ಎಂಬುದನ್ನು 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್‌ಲಿ ಸಮೀಕರಣಗಳಲ್ಲಿ ಬರೆದರು. ಇಂದು ಅವರ ಹೆಸರು ಪಠ್ಯಪುಸ್ತಕದೊಳಗೆ ಕರಗಿದೆ. ನರಕೋಶ ಮಿಡಿಯುತ್ತದೆ ಎಂದು ಬರೆಯುವ ಸಾವಿರಾರು ಜನ ಅಡಿಟಿಪ್ಪಣಿ ಹಾಕುವುದಿಲ್ಲ. ಸುಳ್ಳಿಗೆ ಅಂಥ ಭಯವಿಲ್ಲ. ಇಲಿಗಳ ಮಿದುಳಿನಲ್ಲಿ ನೆನಪು ಕುಂದಿಸುವ ನಿರ್ದಿಷ್ಟ ಪ್ರೋಟೀನ್ ಗುಚ್ಛವೊಂದನ್ನು ಕಂಡೆವೆಂದು 2006ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ತಂಡ ‘ನೇಚರ್’ನಲ್ಲಿ ಪ್ರಕಟಿಸಿದ ಆಲ್‌ಝೈಮರ್ಸ್ ಪ್ರಬಂಧಕ್ಕೆ 2,000ಕ್ಕೂ ಹೆಚ್ಚು ಉಲ್ಲೇಖಗಳು ಬಂದವು. 2022ರಲ್ಲಿ ಅದರ ಚಿತ್ರಗಳ ಬಗ್ಗೆ ಅನುಮಾನ ಎದ್ದಿತು, ವಿಪರೀತ ತಿದ್ದುಪಡಿಯ ಗುರುತುಗಳಿವೆ ಎಂದು 2024ರಲ್ಲಿ ಪ್ರಬಂಧವನ್ನೇ ಹಿಂಪಡೆಯಲಾಯಿತು. ಅದನ್ನು ಉಲ್ಲೇಖಿಸಿದ ಪ್ರಬಂಧಗಳಲ್ಲಿ ಆ ಉಲ್ಲೇಖಗಳು ಹಾಗೆಯೇ ಉಳಿದಿವೆ.

ಹಾಗಾದರೆ ಉಲ್ಲೇಖ ಎಂದರೆ ಸತ್ಯದ ಅಳತೆಯಲ್ಲ, ಶ್ರೇಷ್ಠತೆಯದೂ ಅಲ್ಲ, ಬಳಕೆಯ ಅಳತೆ. ಲೌರಿಯ ನೀಲಿ ದ್ರಾವಣ, ಫ್ರಿಸ್ಟನ್‌ರ ತಂತ್ರಾಂಶ, ಸ್ನೈಡರ್‌ರ ಸೋಸುವ ವಿಧಾನ, ಎಲ್ಲವೂ ಬಳಕೆಗೆ ಬಿದ್ದವು. ಬಳಕೆಗೆ ಬರುವುದೇನು ಸಣ್ಣ ಸಂಗತಿಯೇ? ಸಲಕರಣೆ ಮಾಡಿಕೊಟ್ಟವರನ್ನು ಕೀಳೆಂದು ಕಾಣುವುದು ಕಮ್ಮಾರನನ್ನು ಹೊರಗೆ ನಿಲ್ಲಿಸುವ ಹಳೆಯ ಚಾಳಿಯೇ ಆದೀತು. ಆದ್ದರಿಂದ ತಕರಾರನ್ನು ಸ್ವಲ್ಪ ಸರಿಸಿ ಇಡಬೇಕಾಗುತ್ತದೆ. ಬಳಕೆ ಸರಿ, ಯಾರ ಬಳಕೆ?

ಈ ಲೇಖಕನ ಸೋದರಮಾವನ ಮಗನೊಬ್ಬ ಮಂಡ್ಯದ ಕಡೆಯ ಹಳ್ಳಿಯವನು. ಚಿಕ್ಕವನಿದ್ದಾಗ ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಹಂಡೆಯಲ್ಲಿ ಕಾಯಿಸಿದ ನೀರನ್ನು ಅತ್ತೆ ತಲೆಯ ಮೇಲೆ ಚೊಂಬು ಚೊಂಬಾಗಿ ಹುಯ್ಯುತ್ತಿದ್ದರು. ಅಂಥ ಒಂದು ದಿನ ಹುಡುಗ ಕಣ್ಣು ಮೇಲೆ ಮಾಡಿ ಬಚ್ಚಲಲ್ಲೇ ಬಿದ್ದ. ಮತ್ತೆ ಮತ್ತೆ ಹಾಗಾಯಿತು, ಅದೂ ತಲೆಗೆ ಬಿಸಿನೀರು ಬಿದ್ದಾಗ ಮಾತ್ರ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಕೊನೆಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ವೈದ್ಯರಿಗೆ ಆಶ್ಚರ್ಯವೇ ಆಗಲಿಲ್ಲ. ಉಗುರುಬೆಚ್ಚಗಿನ ನೀರು ಹಾಕಿ, ತಲೆಗೆ ರಭಸವಾಗಿ ಸುರಿಯಬೇಡಿ, ತಲೆಸ್ನಾನದ ದಿನ ಮುಂಚಿತವಾಗಿ ಒಂದು ಕ್ಲೋಬಜಾಮ್ ಮಾತ್ರೆ ಕೊಡಿ ಎಂದರು. ಹುಡುಗ ಈಗ ಟ್ರ್ಯಾಕ್ಟರ್ ಏಜೆನ್ಸಿ ನಡೆಸುತ್ತಿದ್ದಾನೆ, ಸಕ್ಕರೆ ಕಾಯಿಲೆ ಬಿಟ್ಟರೆ ಬೇರೆ ದೂರಿಲ್ಲ.

ಬಿಸಿನೀರಿನ ಮೂರ್ಛೆಯನ್ನು ಮೊದಲು ವರದಿ ಮಾಡಿದ್ದು 1945ರಲ್ಲಿ ನ್ಯೂಜಿಲೆಂಡಿನಿಂದ. ಆದರೆ ಅದು ಅಪರೂಪದ ಕುತೂಹಲವಲ್ಲ, ಒಂದು ನಾಡಿನ ಕಾಯಿಲೆ ಎಂದು ತೋರಿಸಿದ್ದು ಬೆಂಗಳೂರಿನ ವೈದ್ಯರು. ಡಾ. ಕೆ. ಎಸ್. ಮಣಿ 1970ರ ದಶಕದಲ್ಲಿ 108 ರೋಗಿಗಳ ವಿವರ ಪ್ರಕಟಿಸಿದರು, ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಕೊಟ್ಟರು. ಇಂಥ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಲು ಸಾಧ್ಯ? ಷವರ್‌ನಡಿ ನಿಲ್ಲುವ ಬಾಸ್ಟನ್ನಿನಲ್ಲಿ ಈ ಕಾಯಿಲೆಯ ಮೇಲೆ ಪ್ರಯೋಗಾಲಯ ತೆರೆಯುವವರು ಯಾರು? ಆಲ್‌ಝೈಮರ್ಸ್ ಮೇಲೆ ಪೇಪರ್ ಬರೆಯುವವರು ಸಾವಿರ ಸಾವಿರ ಇದ್ದಾರೆ, ಆದ್ದರಿಂದ ಅಲ್ಲಿನ ಸುಳ್ಳಿಗೂ 2,000 ಉಲ್ಲೇಖ. ಹಂಡೆ ನೀರಿನಲ್ಲಿ ಬಿದ್ದವರು ಪೇಪರ್ ಬರೆಯುವವರಲ್ಲ. ಅತ್ತೆ ಆ ಪ್ರಬಂಧವನ್ನು ಬಳಸಿದಷ್ಟು ಶ್ರದ್ಧೆಯಿಂದ ಯಾವ ವಿಜ್ಞಾನಿಯೂ ಬಳಸಿರಲಾರ, ಆದರೆ ಸ್ಕೋಪಸ್‌ನಲ್ಲಿ ಅತ್ತೆಗೆ ಖಾತೆಯಿಲ್ಲ.

ಇದು ಹಿರ್ಶ್‌ಗೆ ಕೊಟ್ಟ ಕೊನೆಯ ಏಟು ಎಂದು ಈ ಲೇಖಕ ಅಂದುಕೊಂಡಿದ್ದ. ಏಟು ಅರ್ಧಕ್ಕೇ ಜಾರಿತು. ಟರ್ಕಿಯಲ್ಲೂ ಇದೇ ಕಾಯಿಲೆ ಕಂಡಾಗ ಅಲ್ಲಿನ ವೈದ್ಯರು ಹಿಡಿದು ನಡೆದದ್ದು ಬೆಂಗಳೂರಿನ ಪ್ರಬಂಧಗಳ ಜಾಡನ್ನೇ. ಆ ಜಾಡಿನ ಹೆಸರೇ ಉಲ್ಲೇಖ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗದಲ್ಲಿ ಅತ್ತೆಗೆ ಸಲಹೆ ಕೊಟ್ಟ ಕಿರಿಯ ವೈದ್ಯನಿಗೂ ಆ ತಿಳಿವಳಿಕೆ ಬಂದದ್ದು ಬರೆದಿಟ್ಟದ್ದನ್ನು ಓದಿ, ಬರೆದಿಟ್ಟದ್ದು ಸಿಕ್ಕಿದ್ದು ಬೇರೆಯವರು ಅದನ್ನು ನಮೂದಿಸಿದ್ದರಿಂದ. ಮಣಿಯವರೇ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ, ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದ ಹಳ್ಳಿಗಳಲ್ಲೇ ಮೂರ್ಛೆರೋಗ ಹತೋಟಿಗೆ ತರಬಹುದೆಂದು ತೋರಿಸಿದರು. ಅದನ್ನು ಅವರು ಪ್ರಕಟಿಸಿದ್ದು ಜಗತ್ತೆಲ್ಲ ಓದುವ ‘ಲ್ಯಾನ್ಸೆಟ್’ನಲ್ಲಿ, 2001ರಲ್ಲಿ. ಬಡ ದೇಶಗಳಲ್ಲಿ ಮೂರ್ಛೆರೋಗದ ಚಿಕಿತ್ಸೆಯ ಮಾತು ಬಂದಾಗ ಯಳಂದೂರಿನ ಹೆಸರು ಬರುವುದು ಅದರಿಂದಲೇ. ಯಳಂದೂರಿನ ಹಳ್ಳಿಗಳಿಗೂ ಜಗತ್ತಿಗೂ ನಡುವಿನ ದಾರಿ, ನಾವು ಹೀಗಳೆಯುವ ಆ ವ್ಯವಸ್ಥೆಯ ಮೂಲಕವೇ ಹಾದುಹೋಗಿದೆ.

ಸಂಖ್ಯೆ ಬಿಡಿ, ಪ್ರಬಂಧ ಓದಿ ತೀರ್ಮಾನಿಸಿ ಎನ್ನುವುದು ಎಲ್ಲರೂ ಕೊಡುವ ಉತ್ತರ. ಕೇಳಲು ಚೆನ್ನಾಗಿದೆ. 2013ರಲ್ಲಿ ಕ್ಯಾಥರಿನ್ ಬಟನ್ ಮತ್ತು ಸಂಗಡಿಗರು ನರವಿಜ್ಞಾನದ ಅಧ್ಯಯನಗಳನ್ನು ಜಾಲಾಡಿ, ಇರುವ ಪರಿಣಾಮವನ್ನು ಪತ್ತೆಹಚ್ಚುವ ಅವುಗಳ ಸಂಖ್ಯಾಶಾಸ್ತ್ರೀಯ ಬಲದ ಮಧ್ಯಮ ಮೌಲ್ಯ ಸುಮಾರು ಶೇ 21 ಎಂದರು. ಅವೆಲ್ಲ ತಜ್ಞರು ಓದಿ, ತೂಗಿ, ಒಪ್ಪಿ ಅಚ್ಚಾದವೇ. ಮಿನೆಸೋಟದ ಪ್ರಬಂಧವನ್ನೂ ತಜ್ಞರು ಓದಿದ್ದರು. ಓದು ಎಂಬುದು ಒಬ್ಬ ದಣಿದ ಮನುಷ್ಯ ರಾತ್ರಿ ಹನ್ನೊಂದಕ್ಕೆ ಮಾಡುವ ಕೆಲಸ.

ಸಂಖ್ಯೆಯ ಹಂಗಿಲ್ಲದೆ ಗೆದ್ದವರ ಪೈಕಿ ಈ ಲೇಖಕನಿಗೆ ಅತಿ ಪ್ರಿಯನಾದವನು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್. ಮಿದುಳು ಬಿಡಿ ಬಿಡಿ ಕೋಶಗಳಿಂದ ಆದದ್ದು ಎಂದು ಕಂಡವನು. 1888ರಲ್ಲಿ ಬಾರ್ಸಿಲೋನಾದಲ್ಲಿ ಸ್ವಂತ ದುಡ್ಡಿನಿಂದ ತನ್ನದೇ ಪತ್ರಿಕೆ ತೆಗೆದು, 60 ಪ್ರತಿ ಅಚ್ಚು ಹಾಕಿಸಿ ಯೂರೋಪಿನ ವಿದ್ವಾಂಸರಿಗೆ ಕಳಿಸಿದ. ವಿಜ್ಞಾನದವರು ಓದದ ಸ್ಪ್ಯಾನಿಷ್ ಭಾಷೆ, ಸ್ವಯಂಪ್ರಕಟಣೆ: ಇಂದಿನ ಯಾವ ದತ್ತಕೋಶವೂ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ತನ್ನ ಗಾಜಿನ ಸ್ಲೈಡುಗಳನ್ನು ಕಟ್ಟಿಕೊಂಡು ಬರ್ಲಿನ್ನಿನ ಅಂಗರಚನಾ ಸಮ್ಮೇಳನಕ್ಕೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ ಎಂದ. 1906ರಲ್ಲಿ ನೊಬೆಲ್ ಬಂತು.

ಕನ್ನಡದಲ್ಲಿ ಬರೆಯುವವರಿಗೆ ಈ ಕಥೆ ಹಿತವಾಗಿಯೇ ಇರುತ್ತದೆ. ಆದರೆ ಬರ್ಲಿನ್ನಿನಲ್ಲಿ ಆದದ್ದನ್ನು ಪೂರ್ತಿ ನೆನೆದರೆ ಹಿತ ಕಡಿಮೆಯಾಗುತ್ತದೆ. ಅಲ್ಲಿ ಕಹಾಲ್‌ನ ಸ್ಲೈಡು ನೋಡಿ ಮೆಚ್ಚಿ, ಅವನನ್ನು ಎಲ್ಲರಿಗೂ ಪರಿಚಯಿಸಿದವರು ಆಲ್ಬರ್ಟ್ ಫಾನ್ ಕೊಲಿಕರ್, ಜರ್ಮನಿಯ ಅಂಗರಚನಾಶಾಸ್ತ್ರದ ಪಿತಾಮಹ, ಆಗ ಎಪ್ಪತ್ತು ದಾಟಿದವರು. ಕಹಾಲ್‌ನನ್ನು ಓದಲು ಸ್ಪ್ಯಾನಿಷ್ ಕಲಿತರು ಕೂಡ. ದೊಡ್ಡ ಮನುಷ್ಯನೊಬ್ಬ ಬೆನ್ನು ತಟ್ಟಿದ, ಉಳಿದವರು ನೋಡಲು ಬಂದರು. ಹಾವೇರಿಯ ಹುಡುಗಿಯ ಎದುರು ಮೂರು ಶಿಫಾರಸು ಪತ್ರಗಳು ಮಾಡಲು ಹೊರಟಿದ್ದು ಇದನ್ನೇ. ಕೊಲಿಕರ್‌ಗೆ ಕಣ್ಣಿತ್ತು, ನಮ್ಮ ಅಧ್ಯಕ್ಷರಿಗೆ ಇರಲಿಲ್ಲ ಎನ್ನಬಹುದು. ಕಣ್ಣಿರುವ ಅಧ್ಯಕ್ಷರನ್ನು ಆರಿಸಲು ಯಾವ ಅಳತೆ?

ಹಿರ್ಶ್‌ನ ಕಥೆಗೂ ಒಂದು ತಿರುವಿದೆ. 2020ರಲ್ಲಿ ಅಮೆರಿಕನ್ ಭೌತವಿಜ್ಞಾನ ಸಂಘದ ವಾರ್ತಾಪತ್ರವೊಂದರಲ್ಲಿ, ತನ್ನ ಸೂಚ್ಯಂಕ ಕೆಲವೊಮ್ಮೆ ಘೋರವಾಗಿ ವಿಫಲವಾಗುತ್ತದೆ, ತಾನು ಉದ್ದೇಶಿಸದ ಕೆಟ್ಟ ಪರಿಣಾಮಗಳನ್ನು ತಂದಿದೆ ಎಂಬ ಅರ್ಥದಲ್ಲಿ ಆತನೇ ಬರೆದ. ಎದುರಾಳಿ ತಾನಾಗಿ ಶಸ್ತ್ರ ಕೆಳಗಿಟ್ಟರೆ ಸಂತೋಷಪಡಬೇಕು. ಆದರೆ ಇಟ್ಟ ಕಾರಣ ನೋಡಿದರೆ ಸಂತೋಷಕ್ಕೆ ಹಿಂಜರಿಕೆಯಾಗುತ್ತದೆ. ಅತಿವಾಹಕತೆಯನ್ನು ವಿವರಿಸುವ, ಜಗತ್ತೆಲ್ಲ ಒಪ್ಪಿದ ಸಿದ್ಧಾಂತ ತಪ್ಪು ಎಂದು ಹಿರ್ಶ್ ದಶಕಗಳಿಂದ ವಾದಿಸುತ್ತಿದ್ದಾನೆ. ಪ್ರಚಲಿತ ಸಿದ್ಧಾಂತವನ್ನು ಪ್ರಶ್ನಿಸುವ ಪ್ರಬಂಧಗಳನ್ನು ಯಾರೂ ಉಲ್ಲೇಖಿಸುವುದಿಲ್ಲ, ಎಚ್ ಹೆಚ್ಚಿಸಿಕೊಳ್ಳುವವರೆಲ್ಲ ಗುಂಪಿನ ಜೊತೆಗೇ ಹೋಗುತ್ತಾರೆ ಎಂಬುದು ಆತನ ಕೊರಗು. ಇದು ಕಹಾಲ್‌ನ ಕಥೆ ಇರಬಹುದು. ಅಥವಾ ಸಾವಿರಾರು ಭೌತವಿಜ್ಞಾನಿಗಳು ಆತನನ್ನು ಓದಿ, ಪರಿಶೀಲಿಸಿ, ಸರಿಯಾಗಿಯೇ ಪಕ್ಕಕ್ಕಿಟ್ಟಿರಲೂಬಹುದು. ಆಗ ಸಂಖ್ಯೆ ತನ್ನ ಕೆಲಸವನ್ನು ತನ್ನ ಜನಕನ ಮೇಲೆಯೇ ನಿಷ್ಪಕ್ಷಪಾತವಾಗಿ ಮಾಡಿದೆ ಎಂದಾಗುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಅತಿವಾಹಕತೆಯ ಭೌತಶಾಸ್ತ್ರ ಕರತಲಾಮಲಕವಾಗಿರಬೇಕು. ಅದಿಲ್ಲದ ಈ ಲೇಖಕ, ಹಿರ್ಶ್ ಬಗ್ಗೆ ತೀರ್ಮಾನಕ್ಕೆ ಬರಲು ಕೊನೆಗೆ ನೋಡುವುದು ಬೇರೆ ಎಷ್ಟು ಜನ ಆತನನ್ನು ಒಪ್ಪಿದ್ದಾರೆ ಎಂಬುದನ್ನೇ.

ಈಚೆಗೆ ಒಂದು ಸಂಸ್ಥೆಯಿಂದ ಪತ್ರ ಬಂದಿದೆ. ನೇಮಕಾತಿ ಅರ್ಜಿಯ ನಮೂನೆ ಪರಿಷ್ಕರಿಸುತ್ತಿದ್ದಾರೆ. ಎಚ್-ಇಂಡೆಕ್ಸ್ ತುಂಬುವ ಕಾಲಂ ಉಳಿಸಬೇಕೇ, ತೆಗೆಯಬೇಕೇ ಎಂದು ಅಭಿಪ್ರಾಯ ಕೇಳಿದ್ದಾರೆ. ತೆಗೆಯಿರಿ ಎಂದು ಬರೆಯಲು ಹೊರಟ ಉತ್ತರ ಕರಡಿನಲ್ಲಿ ಬೇರೆಯೇ ರೂಪ ತಾಳಿದೆ. ಅಭ್ಯರ್ಥಿ ತನ್ನ ಮೂರು ಪ್ರಬಂಧ ಕಳಿಸಲಿ, ಪ್ರತಿಯೊಂದರಲ್ಲೂ ತನ್ನ ಪಾಲು ಎಷ್ಟೆಂದು ಬರೆಯಲಿ. ಸದಸ್ಯರು ಓದಿ ಸಹಿಯೊಂದಿಗೆ ಟಿಪ್ಪಣಿ ಕೊಡಲಿ. ಸಂಖ್ಯೆಗಳಿರುವ ಲಕೋಟೆಯನ್ನು ಆಮೇಲೆ ಒಡೆಯಲಿ. ಟಿಪ್ಪಣಿಗೂ ಸಂಖ್ಯೆಗೂ ತಾಳೆಯಾಗದಿದ್ದಲ್ಲಿ ಯಾವುದನ್ನು ಮಾನ್ಯ ಮಾಡಬೇಕು ಎಂಬ ಐದನೆಯ ಅಂಶದ ಮುಂದೆ ಮಾತ್ರ ಇನ್ನೂ ಏನೂ ಬರೆದಾಗಿಲ್ಲ. ಅಭ್ಯರ್ಥಿ ಹಾವೇರಿಯವಳು ಎಂದು ಊಹಿಸಿಕೊಂಡರೆ ಒಂದು ಉತ್ತರ ಹೊಳೆಯುತ್ತದೆ, ಬಿಸಿನೀರಿನ ಮೂರ್ಛೆಯ ಮೇಲೆ ಕೆಲಸ ಮಾಡುವ, ಎಚ್ ಒಂದಂಕಿಯಲ್ಲೇ ಉಳಿದ ವೈದ್ಯ ಎಂದುಕೊಂಡರೆ ಇನ್ನೊಂದು. ನಿಯಮಾವಳಿಯಲ್ಲಿ ಒಂದೇ ಉತ್ತರಕ್ಕೆ ಜಾಗವಿದೆ, ಅಭಿಪ್ರಾಯ ಈ ತಿಂಗಳೊಳಗೆ ತಲುಪಬೇಕಂತೆ.